ಹಳೆಯ ಜೋಡುನಳಿಗೆ ಕೋವಿಯ ಕುಲಗೋತ್ರ

ಮನೆತನದ ಹಳೆಯ ಕೋವಿಯೊಂದು ಕೈಗೆ ಬಂದಾಗ, ಅದರ ನಳಿಗೆಯ ಮೇಲೆ ಕೊರೆದಿರುವ ಹೆಸರನ್ನೇ ತಯಾರಕನ ಹೆಸರೆಂದು ಭಾವಿಸುವುದು ವಾಡಿಕೆ. ಈ ಭಾವನೆ ಅನೇಕ ವೇಳೆ ತಪ್ಪಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಳಿಗೆ ಬೆಸೆಯುವವನು ಒಬ್ಬ, ಕುದುರೆ ಮೊದಲಾದ ಬಿಡಿಭಾಗಗಳನ್ನು ಅರೆಯುವವನು ಮತ್ತೊಬ್ಬ, ಮರದ ಹಿಡಿಯನ್ನು ಕೆತ್ತುವವನು ಮಗದೊಬ್ಬ. ಹೀಗೆ ಹತ್ತಾರು ಕೈಗಳಲ್ಲಿ ಹಾದು ಬಂದ ಕೋವಿಗೆ ಕೊನೆಯಲ್ಲಿ ಮಾರುವ ಅಂಗಡಿಯ ಹೆಸರನ್ನು ಕೊರೆಯುತ್ತಿದ್ದುದುಂಟು. ಕಲ್ಕತ್ತೆಯ ರಾಡ್ಡಾ ಕಂಪನಿಯ ಹೆಸರಿದ್ದ ಮಾತ್ರಕ್ಕೆ ಕೋವಿಯು ಕಲ್ಕತ್ತೆಯಲ್ಲೇ ಹುಟ್ಟಿತೆಂದು ಹೇಳಲಾಗದು.

ಹೆಸರಿಗಿಂತ ನಂಬಲರ್ಹವಾದ ಸಾಕ್ಷಿಯು ಕಣ್ಣಿಗೆ ಮರೆಯಾಗಿರುತ್ತದೆ. ಕೋವಿ ಬರಿದಾಗಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಗಳನ್ನು ಕಳಚಿ ಮಗುಚಿದರೆ, ಹಿಂಬದಿಯ ಚಪ್ಪಟೆ ಭಾಗದಲ್ಲಿ ಚಿಕ್ಕ ಚಿಕ್ಕ ಮುದ್ರೆಗಳು ಕಾಣುತ್ತವೆ. ಇವು ಪರೀಕ್ಷಾ ಮುದ್ರೆಗಳು. ಬಳಕೆಯಲ್ಲಿರುವುದಕ್ಕಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಡೆದುಕೊಂಡ ನಳಿಗೆಗೆ ಮಾತ್ರ ಇವನ್ನು ಒತ್ತುತ್ತಿದ್ದರು. ಲಂಡನ್ನಿನ ಕೋವಿಕಾರರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಲ್ಲಿ ಶಾಸನದ ಮೂಲಕ ಸ್ಥಾಪಿತವಾಯಿತು. ಕಿರೀಟದ ಕೆಳಗೆ ಅಡ್ಡಲಾಗಿಟ್ಟ ಎರಡು ರಾಜದಂಡಗಳಿದ್ದರೆ ಅದು 1904ಕ್ಕೆ ಮುಂಚಿನ ಬರ್ಮಿಂಗ್‌ಹ್ಯಾಮ್ ಮುದ್ರೆ. ಕಿರೀಟದ ಕೆಳಗೆ ‘ಬಿಪಿ’, ‘ಬಿವಿ’ ಅಕ್ಷರಗಳಿದ್ದರೆ ಆನಂತರದ್ದು. ‘ನಾಟ್ ಫಾರ್ ಬಾಲ್’, ಅರ್ಥಾತ್ ಒಂಟಿ ಗುಂಡಿಗೆ ತಕ್ಕುದಲ್ಲ, ಎಂಬ ಬರಹವು 1875ರಿಂದ 1887ರವರೆಗಿನದು. ತುದಿ ಕಿರಿದಾದ ನಳಿಗೆಯಲ್ಲಿ ಚರೆಯನ್ನಲ್ಲದೆ ಗುಂಡನ್ನು ಹಾರಿಸಬಾರದೆಂಬ ಎಚ್ಚರಿಕೆ ಅದು. ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ‘ಇಎಲ್‌ಜಿ’ ಎಂದಿದ್ದರೆ ಕೋವಿಯು ಬೆಲ್ಜಿಯಮ್ಮಿನ ಲಿಯೇಜ್ ನಗರದಲ್ಲಿ ಪರೀಕ್ಷೆಗೊಂಡಿದೆ. ಅದರ ಮೇಲೆ ಕಿರೀಟವೂ ಇದ್ದರೆ 1893 ಅಥವಾ ಅದರಿಂದೀಚಿನದು. ಮೇಲೆ ಇಂಗ್ಲಿಷ್ ಹೆಸರು, ಕೆಳಗೆ ಲಿಯೇಜಿನ ಮುದ್ರೆ ಇರುವ ಅಗ್ಗದ ಕೋವಿಗಳು ಹೇರಳ.

‘ಹನ್ನೆರಡು’ ಎಂಬ ಅಂಕಿಯು ಅಂಗುಲವೂ ಅಲ್ಲ, ಕ್ರಮಸಂಖ್ಯೆಯೂ ಅಲ್ಲ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಎರಕ ಹೊಯ್ದರೆ, ಒಂದೊಂದು ಗುಂಡಿನ ಅಡ್ಡಳತೆಯೇ ನಳಿಗೆಯ ಅಡ್ಡಳತೆ, ಅಂದರೆ 0.729 ಅಂಗುಲ.

ಹೊರಗೆ ಕುದುರೆಗಳಿರುವ ಕೋವಿಯೆಲ್ಲವೂ ಅತಿ ಪುರಾತನವೆಂಬ ನಂಬಿಕೆಯೂ ಸರಿಯಲ್ಲ. ವೆಸ್ಲಿ ರಿಚರ್ಡ್ಸ್ ಸಂಸ್ಥೆಯ ಆನ್ಸನ್ ಮತ್ತು ಡೀಲಿ ಇವರು 1875ರಲ್ಲಿ ಕುದುರೆಗಳನ್ನು ಒಳಗಡಗಿಸಿದ ವಿನ್ಯಾಸಕ್ಕೆ ಹಕ್ಕುಪತ್ರ ಪಡೆದರೂ, ಹಳೆಯ ಮಾದರಿಯ ತಯಾರಿಕೆ ದಶಕಗಳ ಕಾಲ ಮುಂದುವರಿಯಿತು.

ಇನ್ನು ನಳಿಗೆಯ ಮೇಲೆ ಅಲೆಯಲೆಯಾಗಿ, ಸುಳಿಸುಳಿಯಾಗಿ ಮೂಡಿರುವ ಚಿತ್ತಾರ. ಇದನ್ನು ದಮಾಸ್ಕಸ್ ನಳಿಗೆ ಎನ್ನುತ್ತಾರೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬೆಸೆದು, ಸರಳು ಮಾಡಿ, ಹಗ್ಗದಂತೆ ಹೊಸೆದು, ಅಂತಹ ಎರಡು ಮೂರು ಸರಳುಗಳನ್ನು ಜೋಡಿಸಿ ಪಟ್ಟಿಯಾಗಿಸಿ, ಅದನ್ನು ದುಂಡನೆಯ ಸಲಾಕೆಗೆ ಸುತ್ತಿ, ಕೆಂಡದ ಕಾವಿನಲ್ಲಿ ಬಡಿದು ಒಂದಾಗಿಸುತ್ತಿದ್ದರು. ಕಮ್ಮಾರಿಕೆಯಲ್ಲಿ ಇದಕ್ಕಿಂತ ಸೊಗಸಾದ ಕೆಲಸ ವಿರಳ. ಆದರೆ ಆ ಚಿತ್ತಾರದ ಗೆರೆಗೆರೆಯೂ ಒಂದು ಬೆಸುಗೆ; ಅಲ್ಲಿ ಒಳಗೊಳಗೇ ತುಕ್ಕು ಹಿಡಿದರೆ ಹೊರಗಣ್ಣಿಗೆ ತಿಳಿಯದು.

ಅಪಾಯವಿರುವುದು ಇಲ್ಲಿಯೇ. ಈ ನಳಿಗೆಗಳಲ್ಲಿ ಬಹುಪಾಲು ಕಪ್ಪು ಮದ್ದಿಗಾಗಿ ಪರೀಕ್ಷೆಗೊಂಡವು. ಇಂದಿನ ತೋಟಾಗಳ ಹೊಗೆರಹಿತ ಮದ್ದಿನ ಒತ್ತಡಕ್ಕಲ್ಲ. ಮೇಲಾಗಿ ಅಂದಿನ ಅನೇಕ ಇಂಗ್ಲಿಷ್ ಕೋವಿಗಳ ತೋಟಾಗೂಡಿನ ಉದ್ದ ಎರಡೂವರೆ ಅಂಗುಲ. ಎರಡೂಮುಕ್ಕಾಲು ಅಂಗುಲದ ತೋಟಾವು ಬಾಯಿ ಮಡಿಸಿರುವುದರಿಂದ ಅದರೊಳಗೆ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ಒತ್ತಡ ಏರುತ್ತದೆ. ನಳಿಗೆ ಸಿಡಿದರೆ ಮೊದಲು ಹೋಗುವುದು ಅದನ್ನು ಕೆಳಗಿನಿಂದ ಆಧರಿಸಿದ ಕೈ. ಅಜ್ಜನು ಹಾರಿಸುತ್ತಿದ್ದನೆಂಬುದು ಮೊಮ್ಮಗನಿಗೆ ಭರವಸೆಯಾಗಲಾರದು. ಅಜ್ಜನು ತುಂಬಿದ್ದ ಮದ್ದೇ ಬೇರೆಯಾಗಿದ್ದಿರಬಹುದು.

ಪುರಾತನವೆಂದ ಮಾತ್ರಕ್ಕೆ ಪರವಾನಗಿ ಬೇಡವೆಂದೂ ತಿಳಿಯಕೂಡದು. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮು ಕೊಡುವ ವಿನಾಯಿತಿಯು, ದುರಸ್ತಿ ಮಾಡಿದರೂ ಹಾರಿಸಲು ಬಾರದಂತಹ ಹಳೆಯ ಆಯುಧಗಳಿಗೆ ಮಾತ್ರ ಅನ್ವಯಿಸುತ್ತದೆ.