ಕಾರಿನ ಆಡಿಯೋ ಆಂಪ್ಲಿಫೈಯರ್‌ನ ಹಾನಿಗೊಂಡ ತಂತಿಗಳ ಬದಲಾವಣೆ: ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಖಾಸಗಿ ಕಾರುಗಳಲ್ಲಿ ತಯಾರಕರು ನೀಡಿರುವ ಸಂಗೀತ ವ್ಯವಸ್ಥೆಯ ಜೊತೆಗೆ ಪ್ರತ್ಯೇಕ ಆಂಪ್ಲಿಫೈಯರನ್ನು ಹೊರಗಿನ ಅಂಗಡಿಗಳಲ್ಲಿ ಅಳವಡಿಸಿಕೊಳ್ಳುವ ರೂಢಿಯಿದೆ. ಇದಕ್ಕಾಗಿ ಬಾನೆಟ್ಟಿನೊಳಗಿನ ಬ್ಯಾಟರಿಯಿಂದ ಹಿಂಬದಿಯ ಡಿಕ್ಕಿಯವರೆಗೆ ದಪ್ಪನೆಯ ತಂತಿಯೊಂದನ್ನು ಕಾರ್ಪೆಟ್ಟಿನ ಅಡಿಯಲ್ಲಿ ಎಳೆಯಲಾಗಿರುತ್ತದೆ. ಈ ತಂತಿಯು ಇಗ್ನಿಷನ್ ಕೀಲಿಯ ನಿಯಂತ್ರಣಕ್ಕೆ ಒಳಪಟ್ಟಿರುವುದಿಲ್ಲ. ಕಾರು ನಿಂತಿರುವಾಗಲೂ, ಕೀಲಿಯನ್ನು ತೆಗೆದಿರುವಾಗಲೂ ಅದರಲ್ಲಿ ವಿದ್ಯುತ್ ಇರುತ್ತದೆ. ಆದುದರಿಂದ ತಂತಿಯ ಹೊದಿಕೆ ಹಾಳಾದಲ್ಲಿ ಚಾಲನೆಯಲ್ಲಿರುವ ವಾಹನದಲ್ಲಿ ಮಾತ್ರವಲ್ಲದೆ, ಮನೆಯ ಮುಂದೆ ನಿಲ್ಲಿಸಿದ ವಾಹನದಲ್ಲಿಯೂ ಬೆಂಕಿ ಕಾಣಿಸಿಕೊಳ್ಳುವ ಸಂಭವವಿದೆ.

ನೋಂದಣಿ ನವೀಕರಣಕ್ಕಾಗಿ ಅಥವಾ ಮಾಲೀಕತ್ವ ವರ್ಗಾವಣೆಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ವಾಹನವನ್ನು ಸಿದ್ಧಪಡಿಸಿಕೊಳ್ಳುವಾಗ ಈ ತಂತಿಗಳನ್ನೂ ಪರಿಶೀಲಿಸಿಕೊಳ್ಳಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ತಂತಿಗಳು ಹಾಳಾಗುವ ಸ್ಥಳಗಳು

ಅ) ಎಂಜಿನ್ ಕೋಣೆ ಹಾಗೂ ಪ್ರಯಾಣಿಕರ ಕೋಣೆಯ ನಡುವಿನ ತಗಡಿನ ರಂಧ್ರ. ಇಲ್ಲಿ ರಬ್ಬರ್ ಬುಶ್ ಇಲ್ಲದಿದ್ದಲ್ಲಿ ತಗಡಿನ ಅಂಚು ಹೊದಿಕೆಯನ್ನು ಕ್ರಮೇಣ ಕತ್ತರಿಸುತ್ತದೆ.
ಆ) ಮುಂದಿನ ಆಸನಗಳ ಹಳಿ. ಆಸನವನ್ನು ಹಿಂದೆ ಮುಂದೆ ಸರಿಸಿದಾಗ ತಂತಿ ಅದರಡಿ ಸಿಲುಕಿ ಜಜ್ಜಿಹೋಗುತ್ತದೆ.
ಇ) ಬಾಗಿಲಿನ ಹೊಸ್ತಿಲ ಪಟ್ಟಿಯ ಸ್ಕ್ರೂಗಳು ಹಾಗೂ ಡಿಕ್ಕಿಯ ಕೀಲುಗಳು.
ಈ) ಇಲಿ, ಹೆಗ್ಗಣಗಳ ಕಾಟ. ಅನೇಕ ದಿನ ನಿಂತಲ್ಲಿಯೇ ನಿಂತ ವಾಹನಗಳಲ್ಲಿ ಇದು ಸಾಮಾನ್ಯ.
ಉ) ಬ್ಯಾಟರಿ ಹಾಗೂ ಅರ್ಥ್ ಜೋಡಣೆಯ ಲಗ್‌ಗಳು. ಕರಾವಳಿಯ ಉಪ್ಪು ಮಿಶ್ರಿತ ಗಾಳಿಯಲ್ಲಿ ತಾಮ್ರದ ಮೇಲೆ ಹಸಿರು ಕಿಲುಬು ಬೇಗನೆ ಕಟ್ಟುತ್ತದೆ.

ಶಬ್ದವು ಆಗಾಗ್ಗೆ ನಿಂತು ಬರುವುದು, ಶಬ್ದ ಹೆಚ್ಚಿಸಿದಾಗ ದೀಪಗಳು ಮಂಕಾಗುವುದು, ಫ್ಯೂಸ್ ಪದೇ ಪದೇ ಸುಟ್ಟುಹೋಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವುದು ಇವು ಹಾನಿಯ ಸೂಚನೆಗಳಾಗಿವೆ. ಕೊನೆಯ ಎರಡು ಕಂಡುಬಂದಲ್ಲಿ ದುರಸ್ತಿಯಾಗುವವರೆಗೆ ಆಂಪ್ಲಿಫೈಯರ್ ತಂತಿಯನ್ನು ಬ್ಯಾಟರಿಯಿಂದ ಬಿಡಿಸಿಡತಕ್ಕದ್ದು.

3. ಫ್ಯೂಸ್‌ನ ಮಹತ್ವ

ಆಂಪ್ಲಿಫೈಯರ್‌ನ ಮೈಮೇಲೆ ಫ್ಯೂಸ್ ಇರುವುದರಿಂದ ಬೇರೆ ಫ್ಯೂಸ್ ಬೇಕಿಲ್ಲವೆಂಬ ತಪ್ಪು ಕಲ್ಪನೆಯಿದೆ. ಆ ಫ್ಯೂಸ್ ಆಂಪ್ಲಿಫೈಯರನ್ನು ಮಾತ್ರ ಕಾಯುತ್ತದೆ. ಬ್ಯಾಟರಿಯಿಂದ ಆಂಪ್ಲಿಫೈಯರ್‌ವರೆಗಿನ ಐದಾರು ಮೀಟರ್ ತಂತಿಯು ಮಧ್ಯದಲ್ಲೆಲ್ಲಾದರೂ ಕಾರಿನ ಲೋಹದ ಮೈಗೆ ತಗುಲಿದಲ್ಲಿ ಆ ಫ್ಯೂಸ್‌ಗೆ ವಿಷಯವೇ ತಿಳಿಯುವುದಿಲ್ಲ. ಕಾರಿನ ಬ್ಯಾಟರಿ ಕೇವಲ 12 ವೋಲ್ಟ್‌ನದಾದರೂ ಇಂತಹ ಸಂದರ್ಭದಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ತಂತಿಯು ಕ್ಷಣಮಾತ್ರದಲ್ಲಿ ಕೆಂಪಗೆ ಕಾದು ಕಾರ್ಪೆಟ್ ಹೊತ್ತಿಕೊಳ್ಳಬಹುದು.

ಆದುದರಿಂದ ಮುಖ್ಯ ಫ್ಯೂಸನ್ನು ಬ್ಯಾಟರಿಯ ಧನ ತುದಿಯಿಂದ 45 ಸೆಂ.ಮೀ. ಒಳಗೆ, ಸಾಧ್ಯವಾದಷ್ಟು ಸಮೀಪದಲ್ಲಿ, ತಂತಿಯು ತಗಡಿನ ರಂಧ್ರವನ್ನು ದಾಟುವ ಮೊದಲೇ ಅಳವಡಿಸತಕ್ಕದ್ದು. ತಂತಿಯನ್ನು ಬದಲಾಯಿಸುವಾಗ ಈ ಫ್ಯೂಸ್ ಇಲ್ಲದಿರುವುದು ಕಂಡುಬಂದಲ್ಲಿ, ಅದನ್ನು ಅಳವಡಿಸದೆ ಕೆಲಸ ಪೂರ್ಣವಾಯಿತೆಂದು ಭಾವಿಸಬಾರದು.

4. ತಂತಿಯ ಗಾತ್ರ

ಆಂಪ್ಲಿಫೈಯರ್‌ನ ಮೇಲಿರುವ ಫ್ಯೂಸ್‌ಗಳ ಒಟ್ಟು ಮೊತ್ತವೇ ಅದು ಗರಿಷ್ಠವಾಗಿ ಎಳೆಯುವ ವಿದ್ಯುತ್ತಿನ ಅಂದಾಜು. ಉದಾಹರಣೆಗೆ, 30 ಆಂಪಿಯರ್‌ನ ಎರಡು ಫ್ಯೂಸ್‌ಗಳಿದ್ದಲ್ಲಿ 60 ಆಂಪಿಯರ್ ಎಂದು ಪರಿಗಣಿಸುವುದು. ಸುಮಾರು 5 ಮೀಟರ್ ಉದ್ದದ ಶುದ್ಧ ತಾಮ್ರದ ತಂತಿಗೆ ಈ ಕೆಳಕಂಡ ಪ್ರಮಾಣವನ್ನು ಅನುಸರಿಸಬಹುದು:

10 ಚದರ ಮಿ.ಮೀ. – ಮುಖ್ಯ ಫ್ಯೂಸ್ 50 ಆಂಪಿಯರ್ ಮೀರದಂತೆ
16 ಚದರ ಮಿ.ಮೀ. – ಮುಖ್ಯ ಫ್ಯೂಸ್ 80 ಆಂಪಿಯರ್ ಮೀರದಂತೆ
25 ಚದರ ಮಿ.ಮೀ. – ಮುಖ್ಯ ಫ್ಯೂಸ್ 100 ಆಂಪಿಯರ್ ಮೀರದಂತೆ

ಮನೆಯ ಗೀಸರ್‌ಗೆ ಬಳಸುವ 4 ಚದರ ಮಿ.ಮೀ. ತಂತಿಯಲ್ಲಿ 60 ಆಂಪಿಯರ್ ಹರಿದಲ್ಲಿ 5 ಮೀಟರ್ ಉದ್ದದಲ್ಲಿ ಸುಮಾರು 77 ವ್ಯಾಟ್ ಶಾಖ ಉಂಟಾಗುತ್ತದೆ. 16 ಚದರ ಮಿ.ಮೀ. ತಂತಿಯಲ್ಲಿ ಇದು ಸುಮಾರು 19 ವ್ಯಾಟ್ ಮಾತ್ರ. ಇದಲ್ಲದೆ ಮನೆಯ ಸಾಮಾನ್ಯ ಪಿ.ವಿ.ಸಿ. ತಂತಿಯ ಹೊದಿಕೆಯು 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಳಕೆಗಷ್ಟೇ ತಯಾರಾಗಿರುತ್ತದೆ. ಎಂಜಿನ್ ಕೋಣೆಯ ಶಾಖಕ್ಕೆ ಅದು ತಕ್ಕುದಲ್ಲ. ವಾಹನಗಳಿಗೆಂದೇ ತಯಾರಾದ, 105 ಡಿಗ್ರಿ ತಾಳುವ ತಂತಿಯನ್ನು ಬಳಸತಕ್ಕದ್ದು.

ತಾಮ್ರದ ಲೇಪನವುಳ್ಳ ಅಲ್ಯೂಮಿನಿಯಂ ತಂತಿಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಇವುಗಳ ವಾಹಕತೆಯು ತಾಮ್ರದ ಮೂರನೆಯ ಎರಡು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಖರೀದಿಸುವಾಗ ಪೂರ್ಣ ತಾಮ್ರದ ತಂತಿಯೆಂಬುದನ್ನು ಖಚಿತಪಡಿಸಿಕೊಂಡು ರಸೀದಿ ಪಡೆಯುವುದು.

5. ಬದಲಾಯಿಸುವ ಕ್ರಮ

ಈ ಕೆಲಸವನ್ನು ಅನುಭವಿ ಆಟೋ ಎಲೆಕ್ಟ್ರಿಷಿಯನ್‌ರಿಂದ ಮಾಡಿಸುವುದು ಸೂಕ್ತ. ಮಾಲೀಕರು ಕ್ರಮವನ್ನು ಅರಿತಿದ್ದಲ್ಲಿ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂಬುದನ್ನು ಗಮನಿಸಬಹುದು.

1) ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಡಿಸುವುದು. ಧನ ತುದಿಯನ್ನು ಮೊದಲು ಬಿಡಿಸಲು ಹೋದಲ್ಲಿ ಸ್ಪ್ಯಾನರ್ ಕಾರಿನ ಮೈಗೆ ತಗುಲಿ ಕಿಡಿ ಹಾರುವ ಅಪಾಯವಿದೆ. ಸ್ಟೀರಿಯೋಗೆ ರಹಸ್ಯ ಸಂಖ್ಯೆಯಿದ್ದಲ್ಲಿ ಮುಂಚಿತವಾಗಿ ಬರೆದಿಟ್ಟುಕೊಳ್ಳುವುದು.
2) ಹಳೆಯ ತಂತಿಯನ್ನು ಪೂರ್ಣವಾಗಿ ಹೊರತೆಗೆಯುವುದು. ಅದರ ಯಾವುದೇ ತುಂಡನ್ನು ಕಾರ್ಪೆಟ್ಟಿನಡಿ ಬಿಡಬಾರದು.
3) ಹೊಸ ತಂತಿಯನ್ನು ಇಂಧನ ಕೊಳವೆ, ಪೆಡಲ್‌ಗಳು, ಸ್ಟೀರಿಂಗ್ ಹಾಗೂ ಸೈಲೆನ್ಸರ್ ಕೊಳವೆಯಿಂದ ದೂರವಿರಿಸಿ ಎಳೆಯುವುದು. ಹಳದಿ ಬಣ್ಣದ ಏರ್‌ಬ್ಯಾಗ್ ತಂತಿಗಳನ್ನು ಮುಟ್ಟಬಾರದು. ತಗಡಿನ ರಂಧ್ರಗಳಲ್ಲಿ ರಬ್ಬರ್ ಬುಶ್ ಕಡ್ಡಾಯವಾಗಿ ಹಾಕುವುದು. ಸಿಗ್ನಲ್ ತಂತಿಗಳನ್ನು ಕಾರಿನ ಮತ್ತೊಂದು ಬದಿಯಲ್ಲಿ ಎಳೆದಲ್ಲಿ ಗುಂಯ್‌ಗುಡುವ ಶಬ್ದ ತಪ್ಪುತ್ತದೆ.
4) ಅರ್ಥ್ ತಂತಿಯೂ ಅದೇ ಗಾತ್ರದ್ದಾಗಿರಬೇಕು, ಸಾಧ್ಯವಾದಷ್ಟು ಗಿಡ್ಡದಾಗಿರಬೇಕು. ಲೋಹದ ಮೇಲಿನ ಬಣ್ಣವನ್ನು ಉಜ್ಜಿ ತೆಗೆದು ಬೋಲ್ಟಿನಿಂದ ಬಿಗಿಯುವುದು. ಸೀಟ್ ಬೆಲ್ಟ್‌ನ ಬೋಲ್ಟುಗಳನ್ನು ಇದಕ್ಕೆ ಬಳಸಬಾರದು.
5) ತುದಿಗಳಿಗೆ ಸರಿಯಾದ ಅಳತೆಯ ಲಗ್ ಹಾಕಿ ಕ್ರಿಂಪಿಂಗ್ ಉಪಕರಣದಿಂದ ಒತ್ತಿಸುವುದು. ಸಡಿಲ ಜೋಡಣೆಯೊಂದರಲ್ಲಿ ಕೇವಲ 0.01 ಓಮ್ ರೋಧವಿದ್ದರೂ 60 ಆಂಪಿಯರ್ ಹರಿದಾಗ ಆ ಒಂದೇ ಬಿಂದುವಿನಲ್ಲಿ 36 ವ್ಯಾಟ್ ಶಾಖ ಉಂಟಾಗುತ್ತದೆ. ಸಾಮಾನ್ಯ ಬೆಸುಗೆ ಕಡ್ಡಿಯ ಶಾಖವೂ ಹೆಚ್ಚುಕಡಿಮೆ ಇಷ್ಟೇ.
6) ತಂತಿಯ ಎರಡೂ ತುದಿಗಳು ಬಿಡಿಯಾಗಿರುವಾಗ, ತಂತಿಗೂ ಕಾರಿನ ಮೈಗೂ ಸಂಪರ್ಕವಿಲ್ಲವೆಂಬುದನ್ನು ಮಲ್ಟಿಮೀಟರ್‌ನಿಂದ ಪರೀಕ್ಷಿಸುವುದು. ಅನಂತರ ಎಲ್ಲ ಜೋಡಣೆಗಳನ್ನು ಮುಗಿಸಿ, ಬ್ಯಾಟರಿಯ ಋಣ ತುದಿಯನ್ನು ಸೇರಿಸಿ, ಮುಖ್ಯ ಫ್ಯೂಸನ್ನು ಕೊನೆಯಲ್ಲಿ ಹಾಕುವುದು.
7) ಎಂಜಿನ್ ಚಾಲೂ ಮಾಡಿ ಸಂಗೀತ ನಡೆಯುತ್ತಿರುವಾಗ ಬ್ಯಾಟರಿಯ ಬಳಿ ಹಾಗೂ ಆಂಪ್ಲಿಫೈಯರ್‌ನ ಬಳಿ ವೋಲ್ಟೇಜ್ ಅಳೆಯುವುದು. ವ್ಯತ್ಯಾಸ 0.5 ವೋಲ್ಟ್ ಮೀರಬಾರದು. 15 ನಿಮಿಷಗಳ ನಂತರ ಎಲ್ಲವನ್ನೂ ನಿಲ್ಲಿಸಿ ಫ್ಯೂಸ್ ಹೋಲ್ಡರ್ ಹಾಗೂ ಲಗ್‌ಗಳನ್ನು ಮುಟ್ಟಿ ನೋಡುವುದು. ಬಿಸಿಯಾಗಿದ್ದಲ್ಲಿ ಜೋಡಣೆಯಲ್ಲಿ ದೋಷವಿದೆಯೆಂದು ತಿಳಿಯುವುದು.

ವಿಶೇಷ ಸೂಚನೆ: ವಿದ್ಯುತ್ ಹಾಗೂ ಹೈಬ್ರಿಡ್ ಕಾರುಗಳಲ್ಲಿನ ಕಿತ್ತಳೆ ಬಣ್ಣದ ತಂತಿಗಳು ಪ್ರಾಣಾಪಾಯಕಾರಿ ವೋಲ್ಟೇಜ್ ಹೊಂದಿರುತ್ತವೆ. ಇಂತಹ ವಾಹನಗಳ ಕೆಲಸವನ್ನು ತಯಾರಕರ ಸೇವಾ ಕೇಂದ್ರದಲ್ಲಿಯೇ ಮಾಡಿಸತಕ್ಕದ್ದು. ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ವಾಹನಗಳಲ್ಲಿ ತಂತಿಯನ್ನು ಅನಿಲ ಕೊಳವೆಗೆ ಅಥವಾ ಸಿಲಿಂಡರ್ ಪಟ್ಟಿಗೆ ಕಟ್ಟಬಾರದು.

6. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಂತಿ ಬದಲಾಯಿಸಲು ನೋಂದಣಿ ಪ್ರಾಧಿಕಾರದ ಅನುಮತಿ ಬೇಕೆ?
ಉತ್ತರ: ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52 ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ಬದಲಾಗುವಂತಹ ಮಾರ್ಪಾಡುಗಳಿಗೆ ಸಂಬಂಧಿಸಿದೆ. ಹಾನಿಗೊಂಡ ತಂತಿಯ ಬದಲಾವಣೆಯಿಂದ ಆ ವಿವರಗಳು ಬದಲಾಗುವುದಿಲ್ಲ. ಆದರೆ ಅಪಾಯಕರ ದೋಷವಿದೆಯೆಂದು ತಿಳಿದೂ ಅಂತಹ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಕಲಂ 190ರ ಅನ್ವಯ ಶಿಕ್ಷಾರ್ಹವಾಗಿದೆ.

ಪ್ರಶ್ನೆ: ಹಾಳಾದ ಭಾಗಕ್ಕೆ ಟೇಪ್ ಸುತ್ತಿದರೆ ಸಾಲದೆ?
ಉತ್ತರ: ಸಾಲದು. ಇಲಿ ಕಡಿದ ಅಥವಾ ಜಜ್ಜಿದ ಸ್ಥಳದಲ್ಲಿ ಒಳಗಿನ ಎಳೆಗಳೂ ತುಂಡಾಗಿರುತ್ತವೆ. ಉಳಿದ ಕೆಲವೇ ಎಳೆಗಳ ಮೂಲಕ ಪೂರ್ಣ ವಿದ್ಯುತ್ ಹರಿದು ಅದೇ ಸ್ಥಳ ಕಾಯುತ್ತದೆ. ಟೇಪ್‌ನ ಅಂಟು ಶಾಖಕ್ಕೆ ಕರಗಿ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಫ್ಯೂಸ್ ಪದೇ ಪದೇ ಹೋಗುತ್ತಿದೆ. ದೊಡ್ಡ ಫ್ಯೂಸ್ ಹಾಕಬಹುದೆ?
ಉತ್ತರ: ಹಾಕಬಾರದು. ಫ್ಯೂಸ್ ಸುಡದಿದ್ದಲ್ಲಿ ತಂತಿ ಸುಡುತ್ತದೆ. ಮೊದಲು ಕಾರಣವನ್ನು ಪತ್ತೆಹಚ್ಚುವುದು.

ಪ್ರಶ್ನೆ: ಹಳೆಯ ಕಾರು ಖರೀದಿಸಿದ್ದೇನೆ. ಮಾರಿದವರು ಆಂಪ್ಲಿಫೈಯರ್ ಬಿಚ್ಚಿಕೊಂಡಿದ್ದಾರೆ. ಏನು ಮಾಡಬೇಕು?
ಉತ್ತರ: ಡಿಕ್ಕಿಯಲ್ಲಿ ಉಳಿದ ತಂತಿಯ ಬರಿ ತುದಿಯಲ್ಲಿ ಈಗಲೂ ವಿದ್ಯುತ್ ಇರಬಹುದು. ಮಾಲೀಕತ್ವ ವರ್ಗಾವಣೆಯ ನಮೂನೆ 29 ಹಾಗೂ 30ಕ್ಕೆ ಸಹಿ ಹಾಕುವ ಮುನ್ನವೇ ಬಾನೆಟ್ ತೆರೆದು, ಬ್ಯಾಟರಿಯ ಧನ ತುದಿಯಿಂದ ಹೊರಟ ಹೆಚ್ಚುವರಿ ತಂತಿಗಳಿವೆಯೇ ನೋಡಿ, ಇದ್ದಲ್ಲಿ ತೆಗೆಸಿಕೊಳ್ಳುವುದು.

ಪ್ರಶ್ನೆ: ವಿಮೆಗೆ ತೊಂದರೆಯಾಗುವುದೆ?
ಉತ್ತರ: ಹೊರಗಿನಿಂದ ಅಳವಡಿಸಿದ ವಿದ್ಯುತ್ ಪರಿಕರಗಳನ್ನು ವಿಮಾ ಸಂಸ್ಥೆಗೆ ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಪಾವತಿಸಿ ಪಾಲಿಸಿಯಲ್ಲಿ ನಮೂದಿಸಿಕೊಳ್ಳುವುದು ಕ್ಷೇಮ. ತಿಳಿಸದಿದ್ದಲ್ಲಿ ಬೆಂಕಿ ಅವಘಡದ ಪರಿಹಾರ ಪಡೆಯುವಾಗ ತಕರಾರು ಉಂಟಾಗಬಹುದು. ಕೆಲಸದ ಬಿಲ್ಲನ್ನು ಕಾಯ್ದಿರಿಸಿಕೊಳ್ಳುವುದು.

7. ನೋಂದಣಿ ನವೀಕರಣಕ್ಕೆ ಮುನ್ನ

ಸಾರಿಗೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಿರುತ್ತದೆ. ನವೀಕರಣಕ್ಕಾಗಿ ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮುಂಚಿತವಾಗಿರದಂತೆ ಅರ್ಜಿ ಸಲ್ಲಿಸತಕ್ಕದ್ದು. ಹದಿನೈದು ವರ್ಷ ಹಳೆಯದಾದ ಕಾರಿನಲ್ಲಿ ತಂತಿಗಳ ಹೊದಿಕೆಯೂ ಗಡುಸಾಗಿ ಬಿರುಕು ಬಿಟ್ಟಿರುವ ಸಾಧ್ಯತೆಯಿದೆ. ಆದುದರಿಂದ ತಪಾಸಣೆಗೆ ವಾಹನವನ್ನು ಹಾಜರುಪಡಿಸುವ ಮೊದಲು ಜೋತುಬಿದ್ದ, ಬರಿದಾದ ಅಥವಾ ಬಳಕೆಯಲ್ಲಿಲ್ಲದ ತಂತಿಗಳನ್ನು ತೆಗೆಸಿರಬೇಕು.

8. ಬೆಂಕಿ ಅಥವಾ ಹೊಗೆ ಕಂಡಲ್ಲಿ

ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಕೂಡಲೇ ಇಳಿಸಿ ದೂರ ಕರೆದೊಯ್ಯುವುದು. ಸಾಮಾನು ತೆಗೆಯಲು ಹಿಂತಿರುಗಬಾರದು. ಬಾನೆಟ್ಟಿನಡಿ ಹೊಗೆ ಬರುತ್ತಿದ್ದಲ್ಲಿ ಅದನ್ನು ಪೂರ್ಣವಾಗಿ ತೆರೆಯಬಾರದು. ಗಾಳಿ ದೊರೆತು ಬೆಂಕಿ ಹೆಚ್ಚಾಗುತ್ತದೆ. ತುರ್ತು ಸಹಾಯಕ್ಕಾಗಿ 112ಕ್ಕೆ ಅಥವಾ ಅಗ್ನಿಶಾಮಕ ಸೇವೆಗಾಗಿ 101ಕ್ಕೆ ಕರೆ ಮಾಡುವುದು.

ವಾಹನ ಮಾಲೀಕರು ಮೇಲ್ಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಂಡು ತಮ್ಮ ಹಾಗೂ ಸಹಪ್ರಯಾಣಿಕರ ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳಬೇಕಾಗಿ ಕೋರಲಾಗಿದೆ.