ಓಡದೆಯೂ ಸವೆಯುವ ಕಾರು

ಮುಂಬಯಿಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕೆ ಬಂದರೆ, ಅದು ಎಷ್ಟು ಕಡಿಮೆ ಓಡಿದೆ ಎಂಬುದನ್ನೇ ಮಾರುವವರು ಎಲ್ಲಕ್ಕಿಂತ ಮೊದಲು ಹೇಳುತ್ತಾರೆ. ಇಪ್ಪತ್ತು ವರ್ಷದ ಗಾಡಿ, ಮೀಟರಿನಲ್ಲಿ ಹನ್ನೆರಡು ಸಾವಿರ ಕಿಲೋಮೀಟರ್ ಕೂಡ ದಾಟಿಲ್ಲ ಎಂದರೆ ಕೊಳ್ಳುವವರ ಕಣ್ಣು ಅರಳುತ್ತದೆ. ದಿನಾ ಆಫೀಸಿಗೆ ಓಡುವ ಸಾಧಾರಣ ಕಾರಿಗೆ ಈ ಲೆಕ್ಕ ತಕ್ಕಮಟ್ಟಿಗೆ ಸರಿ. ಫೆರಾರಿ, ಪೋರ್ಶೆಗಳಂಥ ಕಾರುಗಳಿಗೆ, ಅದರಲ್ಲೂ ಸಮುದ್ರಕ್ಕೆ ಅಂಟಿಕೊಂಡ ಈ ಊರಿನಲ್ಲಿ, ಇದು ದಾರಿ ತಪ್ಪಿಸುವ ಲೆಕ್ಕ. ಮೀಟರು ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ರಬ್ಬರು, ಎಣ್ಣೆ, ಪ್ಲಾಸ್ಟಿಕ್ಕು, ಲೋಹದ ಕೀಲುಗಳಲ್ಲಿ ಹಗಲಿರುಳು ನಡೆಯುವ ರಾಸಾಯನಿಕ ಕ್ರಿಯೆಯನ್ನಲ್ಲ. ಮಾಲೀಕರ ಕಿಸೆಯನ್ನು ಹೆಚ್ಚಾಗಿ ಬರಿದು ಮಾಡುವುದು ಈ ಕ್ರಿಯೆಯೇ.

ಈ ನಗರದ ಅತಿ ಪ್ರಸಿದ್ಧ ಫೆರಾರಿಯ ಮಾದರಿಯನ್ನೇ ತೆಗೆದುಕೊಳ್ಳೋಣ. ಟೆಸ್ಟ್ ಶತಕಗಳಲ್ಲಿ ಬ್ರಾಡ್‌ಮನ್ನರನ್ನು ಸರಿಗಟ್ಟಿದ್ದಕ್ಕಾಗಿ ಸಚಿನ್ ತೆಂಡೂಲ್ಕರ್ ಅವರಿಗೆ 2002ರಲ್ಲಿ 360 ಮೊಡೆನಾ ಉಡುಗೊರೆಯಾಗಿ ಬಂತು. ಆಮದು ಸುಂಕದ ವಿನಾಯಿತಿ ವಿವಾದವಾಗಿ, ಕೊನೆಗೆ ಉಡುಗೊರೆ ಕೊಟ್ಟ ಫಿಯಟ್ ಕಂಪನಿಯೇ ಸುಂಕ ಕಟ್ಟಿತು. 2011ರಲ್ಲಿ ಆ ಕಾರು ಸೂರತ್ತಿನ ಉದ್ಯಮಿಯೊಬ್ಬರ ಪಾಲಾಯಿತು. ಈ ಮಾದರಿಯ 3.6 ಲೀಟರಿನ ವಿ8 ಎಂಜಿನ್ನಿನಲ್ಲಿ 40 ವಾಲ್ವುಗಳಿವೆ. ಅದು ನಿಮಿಷಕ್ಕೆ 8,500 ಸುತ್ತು ತಿರುಗಬಲ್ಲದು. ವಾಲ್ವುಗಳು ತಕ್ಕ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವುದು ರಬ್ಬರಿನ ಟೈಮಿಂಗ್ ಬೆಲ್ಟುಗಳು. ಎಷ್ಟೇ ಕಡಿಮೆ ಓಡಿದ್ದರೂ ಇವನ್ನು ಮೂರು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಬಹುಕಾಲ ಪಾಲಿಸಿಕೊಂಡು ಬಂದ ಕ್ರಮ. ರಬ್ಬರಿನ ಉದ್ದನೆಯ ಅಣುಸರಪಳಿಗಳು ಗಾಳಿಯ ಆಮ್ಲಜನಕದೊಡನೆ ಬೆರೆತು, ಒಂದಕ್ಕೊಂದು ಹೆಚ್ಚೆಚ್ಚು ಹೆಣೆದುಕೊಂಡು ಬಿರುಸಾಗುತ್ತವೆ. ಸ್ಥೂಲ ಲೆಕ್ಕದಲ್ಲಿ ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ. ಬಿರುಸಾದ ಬೆಲ್ಟಿನ ಹಲ್ಲುಗಳು ಕಿತ್ತು ಅದು ಜಾರಿದರೆ ಪಿಸ್ಟನ್ನು ತೆರೆದಿರುವ ವಾಲ್ವಿಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ನಿನ ಕಥೆ ಮುಗಿಯಿತು. 360ಕ್ಕಿಂತ ಹಿಂದಿನ ಎಫ್355ರಲ್ಲಿ ಈ ಬೆಲ್ಟು ಹಾಕಲು ಎಂಜಿನ್ನನ್ನೇ ಕೆಳಗಿಳಿಸಬೇಕಿತ್ತು. 360ರಲ್ಲಿ ಸೀಟುಗಳ ಹಿಂದಿನ ಮುಚ್ಚಳ ತೆಗೆದು ಕೈ ಹಾಕಬಹುದು. 2004ರ ಎಫ್430ರಲ್ಲಿ ಬೆಲ್ಟಿನ ಬದಲು ಚೈನು ಬಂತು. ಬೆಲ್ಟಿರುವ ಕಾರುಗಳಲ್ಲಿ ಮಾತ್ರ, ಅದು ವಯಸ್ಸಿನ ಲೆಕ್ಕದಲ್ಲೇ ಬದಲಾಗಬೇಕಾದ್ದರಿಂದ, ವರ್ಷಕ್ಕೆ ಮುನ್ನೂರು ಕಿಲೋಮೀಟರ್ ಓಡಿಸುವವರಿಗೂ ಮೂರು ಸಾವಿರ ಓಡಿಸುವವರಿಗೂ ಬೆಲ್ಟಿನ ಖರ್ಚು ಒಂದೇ.

ಇನ್ನು ಮುಂಬಯಿಯ ಗಾಳಿ. ಹವೆಯ ಸಾಪೇಕ್ಷ ಆರ್ದ್ರತೆ ಶೇ. 60 ದಾಟಿತೆಂದರೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಚುರುಕಾಗುತ್ತದೆ. ಅಡುಗೆ ಉಪ್ಪು ಶೇ. 75ರ ಸುಮಾರಿಗೆ ಗಾಳಿಯ ತೇವ ಹೀರಿ ತಾನೇ ನೀರಾಗುತ್ತದೆ. ಕಡಲಿನ ಉಪ್ಪಿನಲ್ಲಿರುವ ಮೆಗ್ನೀಷಿಯಮ್ ಕ್ಲೋರೈಡಿಗೆ ಶೇ. 33ರಷ್ಟು ತೇವ ಸಾಕು. ವರ್ಲಿಯಲ್ಲೋ ಬಾಂದ್ರಾದಲ್ಲೋ ನಿಂತ ಕಾರಿನ ಅಡಿಭಾಗಕ್ಕೆ ಕೂತ ಉಪ್ಪಿನ ಪದರ, ಮಳೆಗಾಲವಿಲ್ಲದ ತಿಂಗಳುಗಳಲ್ಲೂ ಪೂರ್ತಿ ಒಣಗುವುದೇ ಅಪರೂಪ. 360ರ ಚೌಕಟ್ಟು ಅಲ್ಯುಮಿನಿಯಮ್ಮಿನದು, ಅದಕ್ಕೆ ತುಕ್ಕೆಲ್ಲಿಯದು ಎನ್ನುವವರಿದ್ದಾರೆ. ಅಲ್ಯುಮಿನಿಯಮ್ಮಿಗೆ ಉಕ್ಕಿನ ಬೋಲ್ಟು ಸೇರಿದ ಕಡೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿಯೇ ಆಗುತ್ತದೆ, ಅಲ್ಲಿ ಕರಗಿಹೋಗುವುದು ಅಲ್ಯುಮಿನಿಯಮ್. ಕಾರಿನೊಳಗೂ ಇದೇ ತೇವದ ಕೈವಾಡ. ಆ ಕಾಲದ ಫೆರಾರಿಗಳ ಡ್ಯಾಶ್‌ಬೋರ್ಡಿನ ಗುಂಡಿಗಳ ಮೇಲೆ, ಮುಟ್ಟಿದರೆ ಮೆತ್ತಗಿರಲೆಂದು, ಪಾಲಿಯುರೆಥೇನ್ ಲೇಪ ಬಳಿದಿದ್ದರು. ತೇವಾಂಶ ಆ ಲೇಪದ ಬಂಧಗಳನ್ನು ಒಂದೊಂದಾಗಿ ಬಿಡಿಸುತ್ತದೆ. ವರ್ಷಗಳು ಕಳೆದಂತೆ ಗುಂಡಿ ಬೆರಳಿಗೆ ಅಂಟತೊಡಗುತ್ತದೆ. ಉಗುರು ತಾಗಿದರೆ ಕಪ್ಪು ಮೇಣ ಎದ್ದುಬರುತ್ತದೆ, ಅದರ ಮೇಲಿನ ಬಿಳಿ ಅಕ್ಷರವೂ ಅಳಿಸಿಹೋಗುತ್ತದೆ. ಕಣ್ಣಿಗೆ ಬೀಳುವ ಈ ಕೆಡುಕು ಅಪಾಯದ್ದಲ್ಲ, ಕಾಣದ್ದು ಅಪಾಯದ್ದು. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ 230 ಡಿಗ್ರಿಯವರೆಗಾದರೂ ಕುದಿಯಬಾರದು. ಅದು ಶೇ. 3.7ರಷ್ಟು ನೀರು ಹೀರಿಕೊಂಡರೆ ಈ ಮಿತಿ 155ಕ್ಕೆ ಇಳಿಯುತ್ತದೆ. ಗಾಡಿ ನಿಂತಿದ್ದರೂ ಎಣ್ಣೆ ನೀರು ಹೀರುತ್ತಲೇ ಇರುತ್ತದೆ. ವೇಗಕ್ಕೆಂದೇ ಮಾಡಿದ ಕಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಎಣ್ಣೆ ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟುತ್ತದೆ.

ಪೆಟ್ರೋಲಿನ ವಿಷಯಕ್ಕೂ ಇದೇ ನ್ಯಾಯ. ದೇಶದ ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ತೇವ ಹೀರುತ್ತದೆ, ಹಳೆಯ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಸಡಿಲಗೊಳಿಸುತ್ತದೆ. ನೀರಿನಂಶ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ, ಪಂಪು ಹೀರುವುದೂ ಅಲ್ಲಿಂದಲೇ. ವಾರಕ್ಕೊಂದು ಟ್ಯಾಂಕು ಖಾಲಿ ಮಾಡುವ ಕಾರಿಗೆ ಈ ಭಯವಿಲ್ಲ. ಆರು ತಿಂಗಳು ಒಂದೇ ಪೆಟ್ರೋಲು ಹೊತ್ತು ನಿಲ್ಲುವ ಕಾರಿಗೆ ಇದೆ. ಬೆನ್ನ ಹಿಂದೆಯೇ ಕಾದ ಎಂಜಿನ್ ಇರುವ ಕಾರಿನಲ್ಲಿ ಪೆಟ್ರೋಲ್ ಪೈಪು ಜಿನುಗಿದರೆ ಏನಾದೀತೆಂದು ವಿವರಿಸಬೇಕಿಲ್ಲ.

ಹಾಗಾದರೆ ದಿನಾ ಓಡಿಸಿದರಾಯಿತಲ್ಲ ಎಂಬ ಆಕ್ಷೇಪ ಸಹಜ. ಅದರಲ್ಲಿ ಹುರುಳಿದೆ. 1997ರಿಂದ 2008ರವರೆಗಿನ ಪೋರ್ಶೆ 911 ಮತ್ತು ಬಾಕ್ಸ್‌ಸ್ಟರ್‌ಗಳ ಕುಖ್ಯಾತ ದೋಷ, ಎಂಜಿನ್ನಿನ ನಡುದಂಡದ ಬೇರಿಂಗ್ ಸೀಲು ಕೆಟ್ಟು ಎಂಜಿನ್ನೇ ಹಾಳಾಗುವುದು. ಮೂಲೆಯಲ್ಲಿ ಬಿದ್ದಿದ್ದ ಗಾಡಿಗಳಿಗಿಂತ ಚೆನ್ನಾಗಿ ಓಡಿದ ಗಾಡಿಗಳಲ್ಲಿ ಇದು ಕಡಿಮೆ ಎನ್ನುವ ಅನುಭವಿ ಮೆಕ್ಯಾನಿಕ್‌ಗಳು ಬಹಳ. ಆದರೆ ಅಂಧೇರಿಯಿಂದ ಲೋವರ್ ಪರೇಲಿಗೆ ಸಂಜೆಯ ಹೊತ್ತು ತೆವಳುವುದು ಚೆನ್ನಾಗಿ ಓಡಿಸುವುದಲ್ಲ. ಅಲ್ಲಿ ರೇಡಿಯೇಟರಿಗೆ ಎದುರುಗಾಳಿ ಸಿಗದು, 360ರ ಎಫ್1 ಗೇರ್‌ಬಾಕ್ಸಿನ ಒಂಟಿ ಕ್ಲಚ್ಚು ಅರ್ಧ ಹಿಡಿದು ಅರ್ಧ ಬಿಟ್ಟು ತೇಯುತ್ತದೆ. ಮೀಟರು ಹತ್ತು ಕಿಲೋಮೀಟರ್ ತೋರಿಸಿದಾಗ ಎಂಜಿನ್ ಒಂದು ತಾಸು ಉರಿದಿರುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ದಾಖಲಾದ 944 ಮಿಲಿಮೀಟರ್ ಮಳೆಯನ್ನು ಪಕ್ಕಕ್ಕಿಡೋಣ, ಹಿಂದ್‌ಮಾತಾದಲ್ಲಿ ನಿಲ್ಲುವ ಮಾಮೂಲಿ ನೀರೇ ಇಷ್ಟು ತಗ್ಗಿನ ಕಾರಿಗೆ ಹೆಚ್ಚಾಯಿತು. ಎಂಜಿನ್ ನೀರನ್ನು ಹೀರಿತೆಂದರೆ, ಗಾಳಿಯಂತೆ ಅದುಮಲಾಗದ ಆ ನೀರು ಕನೆಕ್ಟಿಂಗ್ ರಾಡನ್ನು ಬಗ್ಗಿಸುತ್ತದೆ. ನಿಲ್ಲಿಸಿಟ್ಟೇ ವಾರಕ್ಕೊಮ್ಮೆ ಡ್ರೈವರನಿಂದ ಐದು ನಿಮಿಷ ಸ್ಟಾರ್ಟ್ ಮಾಡಿಸುತ್ತೇವೆ ಎನ್ನುವವರು ಗಮನಿಸಬೇಕು: ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಕಾದ ಎಂಜಿನ್ನಿನಿಂದ ಅದು ಆವಿಯಾಗಿ ಹೊರಹೋಗುತ್ತದೆ. ಐದು ನಿಮಿಷದಲ್ಲಿ ಕಾಯದ ಎಂಜಿನ್ನಿನಲ್ಲಿ ಒಂದಿಷ್ಟು ಎಣ್ಣೆಗೆ ಸೇರುತ್ತದೆ, ಒಂದಿಷ್ಟು ಸೈಲೆನ್ಸರಿನಲ್ಲಿ ನಿಲ್ಲುತ್ತದೆ. ತೇವ ಹೀರುವ ಯಂತ್ರವಿಟ್ಟ ಹವಾನಿಯಂತ್ರಿತ ಗ್ಯಾರೇಜು ತುಕ್ಕನ್ನು ತಡೆದೀತು, ಆದರೆ ರಬ್ಬರಿನ ವಯಸ್ಸನ್ನಲ್ಲ.

ಕಾರಿನ ಬೆಲೆ ಇಳಿದಿರುವುದರಿಂದ ಲಾಭವೇ ಅಲ್ಲವೇ ಎಂಬುದು ಇನ್ನೊಂದು ವಾದ. ಇಳಿದಿರುವುದು ಕಾರಿನ ಬೆಲೆ, ಬಿಡಿಭಾಗದ್ದಲ್ಲ. ಹೊಸದಿದ್ದಾಗ ಕೋಟಿ ಬಾಳುತ್ತಿದ್ದ ಕಾರಿನ ಕ್ಲಚ್ಚು ಈಗಲೂ ಕೋಟಿಯ ಕಾರಿನ ಕ್ಲಚ್ಚೇ. ಕುರ್ಲಾದ ಹಳೆ ಸಾಮಾನಿನ ಅಂಗಡಿಗಳಲ್ಲಿ ಮಾರುತಿಯದು ಸಿಕ್ಕಂತೆ ಅದು ಸಿಗುವುದಿಲ್ಲ, ಆಮದು ಸುಂಕ ಕಟ್ಟಿ ತರಿಸಬೇಕು. ಸರಕಾರವೂ ವರ್ಷವನ್ನೇ ಎಣಿಸುತ್ತದೆ. ಆಮದು ಕಾರಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಣದ ಕೇಂದ್ರ ಶುಲ್ಕ 2022ರಿಂದ 40,000 ರೂಪಾಯಿ ಆಯಿತು, 20 ದಾಟಿದ್ದಕ್ಕೆ 2025ರಲ್ಲಿ 80,000 ಆಯಿತು. ವಿಂಟೇಜ್ ನೋಂದಣಿಗೆ 50 ವರ್ಷ ಆಗಿರಬೇಕು. ಇಷ್ಟಾಗಿಯೂ ಆರ್‌ಟಿಒದ ಫಿಟ್‌ನೆಸ್ ಪರೀಕ್ಷೆ ಬ್ರೇಕು, ದೀಪ, ಹೊಗೆ ನೋಡೀತೇ ವಿನಾ ಬೆಲ್ಟಿನ ವಯಸ್ಸನ್ನಲ್ಲ. ಅದನ್ನು ಕೊಳ್ಳುವವರೇ ನೋಡಬೇಕು. ಮೀಟರಿಗಿಂತ ಮೊದಲು ಬಿಲ್ಲುಗಳ ಫೈಲು ಕೇಳಬೇಕು: ಬೆಲ್ಟು, ಕೂಲೆಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಪೈಪು ಯಾವ ತಾರೀಖಿಗೆ ಬದಲಾದವು ಎಂದು. ಫೈಲು ಇಲ್ಲದಿದ್ದರೆ ಟಯರಿನ ಪಕ್ಕಕ್ಕೆ ಬಗ್ಗಿ ನೋಡಿ. ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕೆಗಳಿರುತ್ತವೆ. 0812 ಎಂದಿದ್ದರೆ ಅದು 2012ರ ಎಂಟನೇ ವಾರದಲ್ಲಿ ತಯಾರಾದ ಟಯರು. ಅದರ ಪಟ್ಟೆಗಳು ಎಷ್ಟೇ ಹೊಸದಾಗಿ ಕಂಡರೂ, ಅಂಥ ಹಳೆಯ ಟಯರನ್ನು ಬದಲಿಸದವರು ಕಣ್ಣಿಗೆ ಕಾಣದ ಬೆಲ್ಟನ್ನು ಬದಲಿಸಿರುವ ಸಂಭವ ಕಡಿಮೆ. ಎರಡರ ಖರ್ಚನ್ನೂ ಅಂದೇ ಬೆಲೆಯಲ್ಲಿ ಕಳೆದು ಮಾತಾಡುವುದು ಒಳ್ಳೆಯದು.