ಏಳು ಪಿನ್ನಿನ ಪ್ಲಗ್ಗು, ಎಂಟು ಗಂಟೆಯ ದಾರಿ, ಖಾಲಿ ಬ್ಯಾಟರಿ

ಈ ಕಂತು ಶುರುವಾಗೋದು ರಾತ್ರಿ ಒಂದೂವರೆ ಗಂಟೆಗೆ, ಟೆಕ್ಸಸ್‌ನ ಪಾಡ್ರೆ ಐಲ್ಯಾಂಡ್ ಸಮುದ್ರ ತೀರದಲ್ಲಿ.

ಅವತ್ತು ಬೆಳಗಿನ ಜಾವ ಡಾಲಸ್‌ನಿಂದ ಹೊರಟಿದ್ವಿ. ಟ್ರಕ್ಕಿನ ಹಿಂದೆ ಟ್ರಾವೆಲ್ ಟ್ರೈಲರ್, ಒಳಗೆ ಊರಿಂದ ಬಂದಿದ್ದ ಅಪ್ಪ ಅಮ್ಮ. ಆಸ್ಟಿನ್, ಸ್ಯಾನ್ ಆಂಟೋನಿಯೋ, ಕಾರ್ಪಸ್ ಕ್ರಿಸ್ಟಿ ದಾಟಿ 700 ಕಿಲೋಮೀಟರಿಗೂ ಮೇಲೆ. (ಅಪ್ಪ ಅಮ್ಮ ಟ್ರಕ್ಕಿನಲ್ಲೇ ಕೂತಿದ್ರು ಮತ್ತೆ! ಓಡೋ ಟ್ರೈಲರ್ ಒಳಗೆ ಯಾರನ್ನೂ ಕೂರಿಸಬಾರದು.) ಅಲ್ಲಿನ ಮಲಾಕೈಟ್ ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೈಲರಿಗೆ ಕರೆಂಟ್ ಕೊಡುವ ಕಂಬ ಇಲ್ಲ. ಅದು ಗೊತ್ತಿದ್ದೇ ಹೋಗಿದ್ವಿ. ಎಂಟು ಗಂಟೆ ಇಂಜಿನ್ ಓಡಿದೆ, ಟ್ರಕ್ಕಿನಿಂದ ಟ್ರೈಲರಿಗೆ ಏಳು ಪಿನ್ನಿನ ಪ್ಲಗ್ಗು ಹಾಕಿದೆ, ಹೊಸ ಲಿಥಿಯಂ ಬ್ಯಾಟರಿ ತುಂಬಿರಲೇಬೇಕು ಅನ್ನೋದು ನಮ್ಮ ಲೆಕ್ಕ. ಗೋಡೆಯ ಮೇಲಿನ ನಾಲ್ಕು ದೀಪದ ಮೀಟರ್ ಕೂಡ ‘ಫುಲ್’ ಅಂತಾನೇ ತೋರಿಸ್ತಿತ್ತು.

ಒಂದೂವರೆಗೆ ಫ್ಯಾನ್ ನಿಂತಿತು, ಫ್ರಿಜ್ ನಿಂತಿತು, ಅಪ್ಪನ ಸಿಪ್ಯಾಪ್ ಯಂತ್ರ ನಿಂತಿತು. ನಿದ್ದೆಯಲ್ಲಿ ಉಸಿರು ಕಟ್ಟೋ ತೊಂದರೆ ಇರೋರಿಗೆ ಮೂಗಿಗೆ ಗಾಳಿ ಒತ್ತುವ ಯಂತ್ರ ಅದು. ಅಪ್ಪ ಗಾಬರಿಯಿಂದ ಎದ್ದು ಮಾಸ್ಕ್ ಕಿತ್ತುಹಾಕಿ ಕೂತರು. ಆಮೇಲೆ ಬೆಳಗಿನವರೆಗೂ ಕುರ್ಚಿಯಲ್ಲೇ ಒರಗಿದ್ರು. “ಯುಪಿಎಸ್ ಬ್ಯಾಟರಿಗೆ ನೀರು ಹಾಕಿಲ್ವೇನೋ?” ಅಂತ ಕೇಳಿದ್ರು ಪಾಪ. ನಗೋ ಪರಿಸ್ಥಿತೀಲಿ ನಾವಿರಲಿಲ್ಲ.

ಏನಾಯ್ತು ಅಂತ ಹುಡುಕ್ತಾ ಹೋದರೆ ಆ ಕಥೆ ಹೋಗಿ ಮುಟ್ಟೋದು ನಾವು ಅವತ್ತು ದಾಟಿ ಬಂದಿದ್ದ ಆಸ್ಟಿನ್ ಊರನ್ನೇ.

ಇವತ್ತು ಟ್ರೈಲರುಗಳಿಗೆ ಹಾಕುವ ಲಿಥಿಯಂ ಬ್ಯಾಟರಿ ಬಹುಪಾಲು ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು. ಆ ವಸ್ತುವನ್ನು ಬ್ಯಾಟರಿಗೆ ಒಗ್ಗಿಸಬಹುದು ಅಂತ ತೋರಿಸಿದ ಪ್ರಬಂಧ 1997ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಿಂದ ಬಂತು. ಬರೆದವರು ಮೂವರು: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ನಡುವಿನ ಹೆಸರು ಕೇಳಿದಾಗ ನಮ್ಮ ಕಿವಿ ನಿಮಿರಿತು. ಇದೇ ನಂಜುಂಡಸ್ವಾಮಿಯವರ ಹೆಸರು 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಬಂಧಗಳಲ್ಲಿ ಜೆ. ಗೋಪಾಲಕೃಷ್ಣನ್, ಸಿ.ಎನ್.ಆರ್. ರಾವ್ ಅವರ ಜೊತೆ ಕಾಣುತ್ತೆ. ಗುಡ್‌ಇನಫ್ ಅವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ಲಿಥಿಯಂ ಅಯಾನ್ ಬ್ಯಾಟರಿಯ ಕೆಲಸಕ್ಕಾಗಿ ನೊಬೆಲ್ ಬಂತು. ಅಷ್ಟು ವಯಸ್ಸಾದ ಇನ್ನಾರಿಗೂ ಆ ಬಹುಮಾನ ಬಂದಿಲ್ಲ. 2023ರ ಜೂನ್‌ನಲ್ಲಿ, ನೂರು ದಾಟಿದ ಮೇಲೆ, ಆಸ್ಟಿನ್‌ನಲ್ಲೇ ತೀರಿಕೊಂಡರು.

ಆ ಪ್ರಬಂಧದಲ್ಲಿ ಒಂದು ತಮಾಷೆ ಇದೆ. ಈ ವಸ್ತು ಅಗ್ಗ, ವಿಷವಿಲ್ಲ, ಪರಿಸರಕ್ಕೆ ಹಾನಿಯಿಲ್ಲ, ಆದರೆ *ಕಡಿಮೆ* ಶಕ್ತಿ ಬೇಡುವ ಕೆಲಸಗಳಿಗೆ ಸೂಕ್ತ ಅಂತ ಅವರು ಬರೆದರು. ಕಾರಣ, ಅವರ ಪುಡಿಯಲ್ಲಿ ಲಿಥಿಯಂ ನಿಧಾನವಾಗಿ ಓಡಾಡ್ತಿತ್ತು, ಇರೋದರಲ್ಲಿ ಸುಮಾರು 60 ಭಾಗ ಮಾತ್ರ ಹೊರಗೆ ಬರ್ತಿತ್ತು. ಆಮೇಲೆ ಬೇರೆಯವರು ಆ ಪುಡಿಯನ್ನು ಇನ್ನೂ ಸಣ್ಣಗೆ ಮಾಡಿ, ಪ್ರತಿ ಕಣಕ್ಕೂ ಇಂಗಾಲದ ತೆಳು ಲೇಪ ಕೊಟ್ಟರು. ಲಿಥಿಯಂ ಓಡಬೇಕಾದ ದೂರ ಕಡಿಮೆಯಾಯ್ತು, ಎಲೆಕ್ಟ್ರಾನುಗಳಿಗೆ ದಾರಿ ಸಿಕ್ತು. ಅಲ್ಲಿಗೆ ಮಂದಗತಿಯ ಪ್ರಾಣಿ ಹೋಗಿ ಹಸಿದ ಬಕಾಸುರ ಆಯ್ತು.

ಇನ್ನೊಂದು ಗುಣ ಮೂಲದಿಂದಲೇ ಬಂದದ್ದು. ಒಲೆ ಮೇಲೆ ನೀರು ಕುದಿಯೋಕೆ ಶುರುವಾದ ಮೇಲೆ ಎಷ್ಟೇ ಉರಿ ಕೊಟ್ಟರೂ ಥರ್ಮಾಮೀಟರ್ 100 ಡಿಗ್ರಿಯಲ್ಲೇ ನಿಲ್ಲುತ್ತೆ ಅಲ್ವಾ? ನೀರು, ಆವಿ ಎರಡೂ ಜೊತೆಗಿರೋವರೆಗೂ ಉಷ್ಣತೆ ಕದಲಲ್ಲ. ಈ ಬ್ಯಾಟರಿಯಲ್ಲೂ ಹಾಗೇ. ಲಿಥಿಯಂ ತುಂಬಿಕೊಂಡ ರೂಪ, ಲಿಥಿಯಂ ಬಿಟ್ಟುಕೊಟ್ಟ ರೂಪ ಎರಡೂ ಅಕ್ಕಪಕ್ಕ ಇರುತ್ತವೆ, ಹಾಗಾಗಿ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರುತ್ತೆ. ನಾಲ್ಕು ಸೆಲ್ ಸೇರಿಸಿದ ಬ್ಯಾಟರಿ ಮುಕ್ಕಾಲು ತುಂಬಿದ್ರೂ, ಮೂವತ್ತು ಭಾಗ ಮಾತ್ರ ಉಳಿದಿದ್ರೂ ಸುಮಾರು 13 ವೋಲ್ಟ್ ತೋರಿಸುತ್ತೆ. ನಮ್ಮ ಗೋಡೆಯ ಮೀಟರ್ ಸೀಸ-ಆಮ್ಲದ ಬ್ಯಾಟರಿಗೆ ಮಾಡಿದ್ದು. ಅಲ್ಲಿ 12.7 ಇದ್ರೆ ತುಂಬಿದೆ ಅಂತ ಅರ್ಥ. ಅಂದರೆ ಆ ಮೀಟರ್ ಸುಳ್ಳು ಹೇಳಲಿಲ್ಲ, ತನಗೆ ಗೊತ್ತಿದ್ದ ಭಾಷೇಲಿ ನಿಜಾನೇ ಹೇಳ್ತು. ಹಿಂದಿನ ವಾರಾಂತ್ಯ ಬಳಸಿ 30 ಭಾಗಕ್ಕೆ ಇಳಿಸಿದ್ದ ಬ್ಯಾಟರಿಯನ್ನ, ನಾಲ್ಕೂ ದೀಪ ಉರೀತಿದೆ ಅಂತ ನಂಬಿ, ಮನೇಲಿ ಚಾರ್ಜಿಗೇ ಹಾಕಿರಲಿಲ್ಲ.

ಸರಿ, ಎಂಟು ಗಂಟೆಯ ದಾರಿ ಏನು ಮಾಡ್ತು?

ಟ್ರಕ್ಕಿನ ಆಲ್ಟರ್ನೇಟರ್ (ಊರಿನ ಮೆಕ್ಯಾನಿಕ್ ಬಾಯಲ್ಲಿ ಡೈನಮೋ) ಇಂಜಿನ್ ಹತ್ತಿರ ಇದೆ. ಅಲ್ಲಿಂದ ಟ್ರೈಲರಿನ ಬ್ಯಾಟರಿಗೆ ಸುಮಾರು 40 ಅಡಿ, ಹೋಗಿ ಬರೋ ದಾರಿ ಸೇರಿ 80 ಅಡಿ. 10 ಗೇಜ್ ತಾಮ್ರದ ತಂತಿಗೆ ಸಾವಿರ ಅಡಿಗೆ ಒಂದು ಓಮ್ ತಡೆ, ಅಂದ್ರೆ ನಮ್ಮ 80 ಅಡಿಗೆ 0.08 ಓಮ್. ಸಣ್ಣ ಸಂಖ್ಯೆ ಅನಿಸುತ್ತೆ. ಆದರೆ 20 ಆಂಪ್ ಹರಿಸಿದರೆ ದಾರಿಯಲ್ಲೇ 1.6 ವೋಲ್ಟ್ ಮಾಯ! ಟ್ರಕ್ 13.8 ವೋಲ್ಟ್ ಕೊಟ್ಟು, ಬ್ಯಾಟರಿ 13.2ರಲ್ಲಿ ಕೂತಿದ್ರೆ, ನಡುವೆ ನೂಕೋಕೆ ಇರೋದು 0.6 ವೋಲ್ಟ್ ಮಾತ್ರ. ಅದು ಆ ತಂತಿಯಲ್ಲಿ ಏಳೂವರೆ ಆಂಪ್ ಮೇಲೆ ನೂಕಲಾರದು. ಪ್ಲಗ್ಗಿನ ತುಕ್ಕು, ಸಡಿಲ ಪಿನ್ನು ಸೇರಿದ್ರೆ ಇನ್ನೂ ಕಡಿಮೆ. ಮೇಲಾಗಿ ಈಗಿನ ಟ್ರಕ್ಕುಗಳು ಪೆಟ್ರೋಲ್ ಉಳಿಸೋಕೆ ತಮ್ಮ ಬ್ಯಾಟರಿ ತುಂಬಿದ ತಕ್ಷಣ ವೋಲ್ಟೇಜ್ ಇಳಿಸಿಬಿಡುತ್ತವೆ. ಆಗ ಬರೋದು ಸೊನ್ನೆ. ನಮಗೆ ಸರಾಸರಿ ನಾಲ್ಕು ಆಂಪ್ ಬಂದಿರಬಹುದು. ಓಡ್ತಿದ್ದ ಫ್ರಿಜ್ಜಿಗೂ ಅಷ್ಟೇ ಬೇಕಿತ್ತು. ಬಂದಿದ್ದೆಲ್ಲ ಫ್ರಿಜ್ ತಿಂದಿತು. 100 ಎ.ಎಚ್. ಬ್ಯಾಟರಿ 30ರಲ್ಲಿ ಹೊರಟು 30ರಲ್ಲೇ ಸಮುದ್ರ ನೋಡ್ತು. ರಾತ್ರಿ ಫ್ಯಾನ್, ಫ್ರಿಜ್, ನೀರಿನ ಬಿಸಿ ಆನ್ ಇದ್ದ ಸಿಪ್ಯಾಪ್ ಎಲ್ಲ ಸೇರಿ ಗಂಟೆಗೆ ಎಂಟೊಂಬತ್ತು ಆಂಪ್. ಹತ್ತು ಗಂಟೆಗೆ ಮಲಗಿದ್ವಿ. ಮಿಕ್ಕಿದ್ದು ನೀವೇ ಲೆಕ್ಕ ಹಾಕಿ.

ಈ ಬ್ಯಾಟರಿ ಯುಪಿಎಸ್ ಬ್ಯಾಟರಿ ಥರ ಸಾಯೋ ಮುಂಚೆ ದೀಪ ಮಂಕಾಗಿಸಿ ಸೂಚನೆ ಕೊಡಲ್ಲ, ಇದನ್ನ ನೆನಪಿಡಿ. ಒಳಗೆ ಬಿಎಂಎಸ್ ಅನ್ನೋ ಕಾವಲುಗಾರ ಸರ್ಕ್ಯೂಟ್ ಇದೆ. ವೋಲ್ಟೇಜ್ ಗೆರೆ ದಾಟಿ ಇಳಿದ ಕ್ಷಣ ಟಕ್ ಅಂತ ಬಾಗಿಲು ಹಾಕುತ್ತೆ.

“ಹಾಗಾದ್ರೆ ದಪ್ಪ ತಂತಿ ಎಳೆದು ನೇರ ಜೋಡಿಸಿದ್ರೆ ಮುಗೀತಲ್ಲ?” ಅಂತ ನಮಗೂ ಅನಿಸಿತ್ತು. ಬೇಡಿ. ಸೀಸದ ಬ್ಯಾಟರಿ ತುಂಬ್ತಾ ತುಂಬ್ತಾ ತಾನೇ ‘ಸಾಕು’ ಅನ್ನುತ್ತೆ, ಬಾಳೆಲೆಗೆ ಕೈ ಅಡ್ಡ ಹಿಡಿಯೋ ಅತಿಥಿ ಥರ. ನಮ್ಮ ಬಕಾಸುರ ಎಲೆ ತುಂಬೋವರೆಗೂ ಬಡಿಸು ಬಡಿಸು ಅನ್ನುತ್ತೆ. ಆಲ್ಟರ್ನೇಟರಿಗೆ ಅಷ್ಟು ಹೊತ್ತು ಪೂರ್ತಿ ಬಡಿಸಿ ಅಭ್ಯಾಸವಿಲ್ಲ. ಅದರ ತಂಪಿನ ಫ್ಯಾನ್ ಇಂಜಿನ್ ವೇಗಕ್ಕೆ ತಕ್ಕ ಹಾಗೆ ತಿರುಗುತ್ತೆ. ಆಸ್ಟಿನ್ ನಡುವೆ ಐ-35ರಲ್ಲಿ ಸಂಜೆ ಟ್ರಾಫಿಕ್, ಹೊರಗೆ 40 ಡಿಗ್ರಿ, ಗಾಡಿ ನಿಂತಲ್ಲೇ ನಿಂತಿದೆ ಅಂದ್ಕೊಳ್ಳಿ: ಫ್ಯಾನ್ ಅತಿ ನಿಧಾನ, ಬೇಡಿಕೆ ಅತಿ ಹೆಚ್ಚು. ಸುರುಳಿ ಸುಟ್ಟುಹೋಗೋದು ಆಗಲೇ.

ಅಂದರೆ ತೆಳು ತಂತಿಯಲ್ಲಿ ಉಪವಾಸ, ದಪ್ಪ ತಂತಿಯಲ್ಲಿ ಡೈನಮೋಗೆ ಅಪಾಯ. ಎರಡಕ್ಕೂ ಮದ್ದು ಡಿಸಿ-ಡಿಸಿ ಚಾರ್ಜರ್ ಅನ್ನೋ ಒಂದು ಪೆಟ್ಟಿಗೆ. ಟ್ರೈಲರ್ ಬ್ಯಾಟರಿಯ ಪಕ್ಕದಲ್ಲೇ ಕೂರುತ್ತೆ. ದಾರಿಯಲ್ಲಿ ಸೊರಗಿ 12 ವೋಲ್ಟ್ ಆಗಿ ಬಂದದ್ದನ್ನು ಎತ್ತಿ, ಬ್ಯಾಟರಿ ಬಯಸುವ 14.2, 14.4ಕ್ಕೆ ತಂದು ಕೊಡುತ್ತೆ. ಜೊತೆಗೆ ಇಷ್ಟೇ ಆಂಪ್, ಇದಕ್ಕಿಂತ ಹೆಚ್ಚು ಎಳೆಯಲ್ಲ ಅಂತ ಮಿತಿ ಇಟ್ಕೊಳ್ಳುತ್ತೆ. ಇಂಜಿನ್ ನಿಂತಾಗ ತಾನೂ ನಿಲ್ಲುವಂತೆ ಜೋಡಿಸಬೇಕು, ಇಲ್ಲದಿದ್ರೆ ಬೆಳಗ್ಗೆ ಟ್ರಕ್ಕೇ ಸ್ಟಾರ್ಟ್ ಆಗಲ್ಲ.

ಇಲ್ಲಿ ಅಂಗಡಿಯವರು ಅಷ್ಟಾಗಿ ಹೇಳದ ಒಂದು ಲೆಕ್ಕ ಇದೆ. ವೋಲ್ಟೇಜ್ ಎತ್ತಿಕೊಡೋಕೆ ಅದು ಆ ಕಡೆಯಿಂದ ಹೆಚ್ಚು ಆಂಪ್ ಎಳೆಯಲೇಬೇಕು. 20 ಆಂಪ್ ಕೊಡೋ ಪೆಟ್ಟಿಗೆ ಅಂದ್ರೆ 14 ವೋಲ್ಟಿಗೆ 280 ವಾಟ್. ಹತ್ತು ಭಾಗ ಬಿಸಿಯಾಗಿ ಹೋಗುತ್ತೆ ಅಂದ್ಕೊಂಡ್ರೂ ಒಳಗೆ 310 ವಾಟ್ ಬೇಕು, ಸೊರಗಿದ ವೋಲ್ಟೇಜಿನಲ್ಲಿ ಅದು 27 ಆಂಪ್. ಏಳು ಪಿನ್ನಿನ ಪ್ಲಗ್ಗಿನ ಆ ದಾರಿಗೆ ಸಾಮಾನ್ಯವಾಗಿ 30 ಆಂಪಿನ ಫ್ಯೂಸ್. ಗಂಟೆಗಟ್ಟಲೆ ಅಂಚಿನಲ್ಲೇ ಓಡಿಸೋದು ನಮಗೆ ಸರಿ ಕಾಣಲ್ಲ. ಆ ಪ್ಲಗ್ಗಿನಲ್ಲೇ ಕೆಲಸ ಮುಗಿಸಬೇಕು ಅಂದ್ರೆ 10-12 ಆಂಪಿನ ಚಾರ್ಜರ್ ಹಾಕಿ, ಸಮಾಧಾನವಾಗಿರಿ. 20 ಬೇಕು ಅಂದ್ರೆ 6 ಗೇಜಿನ ಬೇರೆ ಕೇಬಲ್, ಎರಡೂ ತುದಿಗೆ ಫ್ಯೂಸ್, ಬಂಪರ್ ಹತ್ತಿರ ದಪ್ಪ ಆಂಡರ್ಸನ್ ಪ್ಲಗ್ಗು. ವೈರಿಂಗ್ ಗೊತ್ತಿರೋರ ಕೈಲೇ ಮಾಡಿಸಿ.

20 ಆಂಪ್ ಅಂದ್ರೆ ನಮ್ಮ ಟೆಕ್ಸಸ್ ತ್ರಿಕೋನದಲ್ಲಿ ಎಷ್ಟಾಗುತ್ತೆ? ಡಾಲಸ್‌ನಿಂದ ಹ್ಯೂಸ್ಟನ್ 385 ಕಿಲೋಮೀಟರ್, ಟ್ರೈಲರ್ ಎಳ್ಕೊಂಡು ನಾಲ್ಕು ಗಂಟೆ ಮೇಲೆ: 80 ಎ.ಎಚ್. ಹ್ಯೂಸ್ಟನ್-ಆಸ್ಟಿನ್ ಮೂರು ಗಂಟೆಗೆ 60. ಆಸ್ಟಿನ್-ಡಾಲಸ್ ಟ್ರಾಫಿಕ್ ಕೃಪೆ ಇದ್ದರೆ 70. ಫ್ರಿಜ್ಜಿನ ಪಾಲು ಕಳೆದರೂ ಒಂದು ಬ್ಯಾಟರಿಯ ಸುಮಾರು ಅರ್ಧದಿಂದ ಮೂರರಲ್ಲಿ ಎರಡು ಭಾಗ ದಾರಿಯೇ ತುಂಬಿಸಿಕೊಡುತ್ತೆ.

ಕ್ಯಾಂಪಿನಲ್ಲಿ ನಿಂತ ಮೇಲೆ ಟ್ರಕ್ ಆನ್ ಮಾಡಿಟ್ಟು ಚಾರ್ಜ್ ಮಾಡೋದು ದಂಡ. ಗಂಟೆಗೆ 20 ಎ.ಎಚ್.ಗೋಸ್ಕರ ಅಷ್ಟು ದೊಡ್ಡ ಇಂಜಿನ್ನು! ಅಲ್ಲಿ ಸೋಲಾರ್ ಸರಿ. 200 ವಾಟಿನ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ 55-60 ಎ.ಎಚ್. ಕೊಡುತ್ತೆ. ಆದರೆ ಟೆಕ್ಸಸ್ ಬೇಸಿಗೆಯಲ್ಲಿ ನಾವೂ ನೀವೂ ಮೊದಲು ಹುಡುಕೋದು ಓಕ್ ಮರದ ನೆರಳನ್ನ. ನೆರಳು ನಮಗಾದ್ರೆ ಪ್ಯಾನೆಲ್‌ಗೆ ಉಪವಾಸ. ಉದ್ದ ತಂತಿ ಇಟ್ಟು ಬಿಸಿಲಿಗೆ ಒಯ್ದು ಇಡಬಹುದಾದ ಪ್ಯಾನೆಲ್ ಈ ಜಗಳ ತೀರಿಸುತ್ತೆ. ಛಾವಣಿಯ ಎಸಿ ಆಸೆ ಬಿಡಿ: 1,400 ವಾಟ್, 100 ಎ.ಎಚ್. ಒಂದು ಗಂಟೆಯೂ ಬಾರದು. ಇಂಡಕ್ಷನ್ ಒಲೆಯೂ ಹಾಗೇ. ಅನ್ನಕ್ಕೆ ಗ್ಯಾಸು, ಕುಕ್ಕರು. ಚಟ್ನಿಗೆ ಎರಡು ನಿಮಿಷ ಮಿಕ್ಸಿ ಓಡಿಸೋದು ಮಾತ್ರ ಲೆಕ್ಕಕ್ಕೇ ಬರಲ್ಲ, ಧಾರಾಳವಾಗಿ ಓಡಿಸಿ, ಎರಡು ಎ.ಎಚ್. ಕೂಡ ಹೋಗಲ್ಲ.

ಚಳಿಯ ಮಾತು ಒಂದಿದೆ, ಅದನ್ನ ಟೆಕ್ಸಸ್‌ನವರು ಮರೆಯೋ ಹಾಗಿಲ್ಲ. 2021ರ ಫೆಬ್ರವರಿ 16ರಂದು ಡಾಲಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ. ರಾಜ್ಯದ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇಲ್ಲ. ಅಂಥ ಹೊತ್ತಲ್ಲಿ ಅಂಗಳದ ಟ್ರೈಲರಿನ ಬ್ಯಾಟರಿ ದೇವರ ಹಾಗೆ ಕಾಣುತ್ತೆ. ಇರೋದನ್ನ ಅದು ಕೊಡುತ್ತೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಹೊಸದಾಗಿ ತುಂಬಿಸೋ ಹಾಗಿಲ್ಲ: ಚಳಿಯಲ್ಲಿ ಲಿಥಿಯಂ ಗ್ರಾಫೈಟ್ ಒಳಗೆ ಸೇರದೆ ಮೇಲೆಯೇ ಲೋಹವಾಗಿ ಕೂತುಬಿಡುತ್ತೆ, ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತೆ. ಒಳ್ಳೆ ಬಿಎಂಎಸ್ ತಾನೇ ತಡೆಯುತ್ತೆ; ಕೊಳ್ಳುವಾಗ ಇದೊಂದನ್ನ ಕೇಳಿ ಕೊಳ್ಳಿ. ಹಾಗೇ ಚಾರ್ಜ್ ಮಾಡೋಕೆ ಅಂತ ಗ್ಯಾರೇಜ್ ಒಳಗೆ ಗಾಡಿ ಓಡಿಸಬೇಡಿ. ಆ ವಾರ ಹ್ಯೂಸ್ಟನ್‌ನಲ್ಲಿ ಹಾಗೆ ಮಾಡಿ ವಿಷಗಾಳಿಗೆ ಜೀವ ಕಳ್ಕೊಂಡವರಿದ್ದಾರೆ.

ಪಾಡ್ರೆ ಐಲ್ಯಾಂಡಿನಲ್ಲಿ ಮಾರನೇ ದಿನ ಪಕ್ಕದ ಸೈಟಿನವರು ತಮ್ಮ ಪುಟ್ಟ ಜನರೇಟರ್ ಎರಡು ಗಂಟೆ ಕೊಟ್ಟರು, ನಾವು ಬಿಸಿಬೇಳೆ ಭಾತ್ ಕೊಟ್ವಿ. ವಾಪಸ್ ಬಂದು ಮೊದಲು ಹಾಕಿಸಿದ್ದು ಚಾರ್ಜರ್ ಅಲ್ಲ, ಶಂಟ್ ಇರೋ ಮೀಟರ್. ಅದು ವೋಲ್ಟೇಜ್ ನೋಡಿ ಊಹೆ ಮಾಡಲ್ಲ, ಒಳಗೆ ಹೋದ, ಹೊರಗೆ ಬಂದ ಒಂದೊಂದು ಆಂಪನ್ನೂ ಕಿರಾಣಿ ಅಂಗಡಿ ಲೆಕ್ಕದ ಹಾಗೆ ಬರೆದಿಡುತ್ತೆ. ಆಮೇಲೆ 20 ಆಂಪಿನ ಪೆಟ್ಟಿಗೆ, ಬೇರೆ ಕೇಬಲ್.

ಅಪ್ಪ ಊರಿಗೆ ಹೋಗೋ ಮುಂಚೆ ಇನ್ನೊಂದು ಸಲ ಹೋದ್ವಿ, ಹ್ಯೂಸ್ಟನ್‌ನ ಉತ್ತರಕ್ಕಿರೋ ಸ್ಯಾಮ್ ಹ್ಯೂಸ್ಟನ್ ಕಾಡಿನ ಸ್ಟಬಲ್‌ಫೀಲ್ಡ್ ಕೆರೆ ದಡಕ್ಕೆ. ಅಲ್ಲೂ ಕರೆಂಟ್ ಕಂಬ ಇಲ್ಲ. ಬೇಕಂತಲೇ 40 ಭಾಗ ಚಾರ್ಜ್ ಇಟ್ಕೊಂಡು ಡಾಲಸ್ ಬಿಟ್ವಿ. ಮೂರೂವರೆ ಗಂಟೆ ಆದ ಮೇಲೆ ಕೆರೆ ಹತ್ತಿರ ನಿಲ್ಲಿಸಿದಾಗ ಮೀಟರ್ 94 ತೋರಿಸ್ತು. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, “ಈ ಮೀಟರ್ ಹೇಳೋದು ನಿಜ ತಾನೆ?” ಅಂತ ಕೇಳಿಯೇ ಮಾಸ್ಕ್ ಹಾಕ್ಕೊಂಡಿದ್ದು. ಬೆಳಗ್ಗೆ ಏಳಕ್ಕೆ ನಾವೇ ಎಬ್ಬಿಸಬೇಕಾಯ್ತು, ಕಾಫಿ ಆರ್ತಿತ್ತು.